ಪ್ರಯೋಗ ಯಾರ ಮೇಲೆ, ಯಾರಿಗಾಗಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಪ್ರಯೋಗ ಅಂದ ಕೂಡಲೆ ನಮಗೆ ಕಾಲೇಜಿನ ಲ್ಯಾಬು, ಗಾಜಿನ ಕೊಳವೆ, ಕೊಯ್ದ ಕಪ್ಪೆ ನೆನಪಾಗುತ್ತೆ. ಆದರೆ ಔಷಧಿಯನ್ನೂ ಸರ್ಕಾರದ ಯೋಜನೆಯನ್ನೂ ಜನರ ಮೇಲೆ ಪ್ರಯೋಗ ಮಾಡಿ ನೋಡ್ತಾರೆ. ಆ ಜನ ಯಾರು? ಬಹಳ ಸಲ ನಾವೇ. ಆದ್ದರಿಂದ ಇದರ ಮರ್ಮವನ್ನು ನಾವು ತಿಳಿಯಲೇಬೇಕು.

ಮರ್ಮ ಸರಳ. ಒಂದು ಗುಂಪಿಗೆ ಕೊಡೋದು, ಇನ್ನೊಂದಕ್ಕೆ ಕೊಡದೆ ಇರೋದು, ಆಮೇಲೆ ಎರಡನ್ನೂ ಹೋಲಿಸೋದು. ಯಾರು ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನಿಸಬೇಕು. ಸಾಹೇಬರೇ ಆರಿಸಿದರೆ, ಮೊದಲೇ ಚೆನ್ನಾಗಿದ್ದವರನ್ನ ತೋರಿಸಿ ‘ನೋಡಿ, ಯೋಜನೆ ಗೆದ್ದಿತು’ ಅಂತಾರೆ.

ಈ ಆಯುಧ ನಮ್ಮ ಪರವಾಗಿ ಬಳಕೆಯಾದಾಗ ಏನಾಯ್ತು? ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು ಒಂದೇ, ಹೆಸರು ಮಾತ್ರ ಬೇರೆ. 2007ರಲ್ಲಿ ಫಲಿತಾಂಶ ಪ್ರಕಟವಾಯ್ತು: ಸಂದರ್ಶನದ ಕರೆ ಬರುವ ಸಂಭವ ಮೇಲ್ಜಾತಿ ಹೆಸರಿಗಿಂತ ದಲಿತ ಹೆಸರಿಗೆ ಸುಮಾರು ಮೂರನೇ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರನೇ ಒಂದು ಪಾಲು. ‘ನಾವು ಜಾತಿ ನೋಡಲ್ಲ, ಪ್ರತಿಭೆ ನೋಡ್ತೀವಿ’ ಅನ್ನೋರ ಬಾಯಿ ಕಟ್ಟಿತು.

ಇನ್ನೊಂದು ಮುಖವೂ ಇದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿ ಅಧ್ಯಯನ ಮಾಡಿದರು. ಎಷ್ಟೋ ಮಂದಿ ಹಾಸ್ಟೆಲಿನ ಆದಿವಾಸಿ ಹುಡುಗಿಯರು. ಒಪ್ಪಿಗೆ ಪತ್ರ ತೆಗೆದು ನೋಡಿದರೆ, 9,543ರಲ್ಲಿ 2,763ಕ್ಕೆ ಸಹಿ ಹಾಕಿದ್ದು ವಾರ್ಡನ್‌ಗಳು! ಕೆಲವು ಹುಡುಗಿಯರು ಸತ್ತರು. ಲಸಿಕೆಯಿಂದ ಸತ್ತರು ಅಂತ ತನಿಖೆ ಹೇಳಲಿಲ್ಲ. ಆದರೂ 2010ರಲ್ಲಿ ಅಧ್ಯಯನ ನಿಂತಿತು. 2013ರಲ್ಲಿ ಸಂಸತ್ತಿನ ಸಮಿತಿ ಛೀಮಾರಿ ಹಾಕಿತು. ಲಸಿಕೆ ಒಳ್ಳೆಯದೇ, ಕ್ಯಾನ್ಸರ್ ತಡೆಯುತ್ತೆ. ಅಪ್ಪ ಅವ್ವನನ್ನು ಕೇಳದೆ ಚುಚ್ಚಿದ್ದು ತಪ್ಪು.

ಗೆಳೆಯರೆ, ವಾರ್ಡನ್ ನಮ್ಮ ಊಟಕ್ಕೆ ಜವಾಬ್ದಾರ, ನಮ್ಮ ಮೈಗೆ ಒಡೆಯನಲ್ಲ. ನಾಳೆ ಯಾರಾದರೂ ಫಾರಂ ಹಿಡಿದು ಬಂದರೆ ಕೇಳೋಣ: ಇದು ಏನು? ಯಾರು ಹಣ ಕೊಟ್ಟರು? ಕೆಡುಕಾದರೆ ಯಾರು ನೋಡ್ಕೋತಾರೆ? ಬೇಡ ಅನ್ನಬಹುದಾ? ಫಲಿತಾಂಶ ನಮಗೂ ಹೇಳ್ತೀರಾ?

ಇನ್ನೊಂದು ಮಾತು. ಯಾವ ಪಾಠಕ್ರಮ ಮೇಲು ಅಂತ ಚೀಟಿ ಎತ್ತಿ ನೋಡಲಿ. ಅನ್ನ, ಸ್ಕಾಲರ್‌ಶಿಪ್ಪು ನಮ್ಮ ಹಕ್ಕು. ಹಕ್ಕಿಗೆ ಚೀಟಿ ಎತ್ತೋದು ಬೇಡ.

ನಾವು ಕೊಯ್ಯೋ ಕಪ್ಪೆಗಳಲ್ಲ. ಲೆಕ್ಕ ಕಲಿಯೋಣ, ಲೆಕ್ಕ ಕೇಳೋಣ.

ಜೈ ಭೀಮ್.