ಮುಂಬಯಿಯೋ, ಬೆಂಗಳೂರೋ?

(ದಾವಣಗೆರೆಯಲ್ಲಿ ನಡೆದ ಪಕ್ಷದ ಕಾರ್ಮಿಕ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ನಮ್ಮೂರಿನ ಸ್ಟೇಷನ್ನಿನಿಂದ ಒಂದು ದಿಕ್ಕಿಗೆ ಹೊರಟರೆ ಬೆಂಗಳೂರು. ಇನ್ನೊಂದು ದಿಕ್ಕಿಗೆ ಹೊರಟು ಹುಬ್ಬಳ್ಳಿ ದಾಟಿದರೆ ಮುಂಬಯಿಯ ದಾರಿ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಈ ಊರಿನ ದೊಡ್ಡ ಗಿರಣಿಗಳು ಬಾಗಿಲು ಹಾಕಿದ ಮೇಲೆ ಎರಡು ದಿಕ್ಕಿಗೂ ನಮ್ಮ ಮಕ್ಕಳು ಹೊರಟಿದ್ದಾರೆ. "ಮೇಷ್ಟ್ರೇ, ಹುಡುಗನನ್ನು ಎಲ್ಲಿಗೆ ಕಳಿಸೋಣ, ನೀವೇ ಹೇಳಿ" ಎಂದು ತಂದೆತಾಯಿಗಳು ಕೇಳುತ್ತಾರೆ. ಆ ಪ್ರಶ್ನೆಗೆ ಇಂದು ನಾವು ಉತ್ತರ ಹೇಳಬೇಕಾಗಿದೆ.

ಕೆಲಸ ಸಿಕ್ಕಿತು ಎಂದ ಕೂಡಲೆ ನಾವು ಕೇಳುವುದು ಸಂಬಳ ಎಷ್ಟು ಎಂದು. ಸಂಬಳ ಕೈಗೆ ಬರುವ ಲೆಕ್ಕ. ಬದುಕು ಕೈಯಲ್ಲಿ ಉಳಿಯುವ ಲೆಕ್ಕ. ಪಟ್ಟಣದಲ್ಲಿ ದುಡಿಯುವವನ ದುಡ್ಡನ್ನು ಮೂರು ಬಾಯಿಗಳು ತಿನ್ನುತ್ತವೆ: ಸೂರು, ನೀರು, ದಾರಿ. ಈ ಮೂರನ್ನು ಅಳೆದ ಮೇಲೆಯೇ ಯಾವ ನಗರ ವಾಸಿ ಎಂದು ಹೇಳಬಹುದು.

ಮೊದಲು ಸೂರು. ಮುಂಬಯಿಯ ಕಾರ್ಮಿಕನ ಮನೆ ಎಂದರೆ ಬಹುಕಾಲ ಚಾಳು. 1920ರ ದಶಕದಲ್ಲಿ ಸರ್ಕಾರ ವರಳಿ, ನಾಯಗಾಂವ್, ಶಿವಡಿಗಳಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಖೋಲಿ 160 ಚದರಡಿ. ಅಂದರೆ ಉದ್ದ ಹದಿನಾರು ಅಡಿಯಾದರೆ ಅಗಲ ಹತ್ತು. ಅಷ್ಟರಲ್ಲೇ ಅಡಿಗೆ, ಅಷ್ಟರಲ್ಲೇ ನಿದ್ರೆ, ಅಷ್ಟರಲ್ಲೇ ಬಾಣಂತನ. ಕಕ್ಕಸು ಇಡೀ ಮಹಡಿಗೆ ಸೇರಿದ್ದು. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಇಂಥ ಬಾಡಿಗೆದಾರನನ್ನು ಕಾಯಿತು. ಮಾಲೀಕನು ಮನಸ್ಸು ಬಂದಂತೆ ಅವನನ್ನು ಹೊರಹಾಕುವಂತಿರಲಿಲ್ಲ. ಆದರೆ ಹಿಂದಿನಿಂದ ಬಂದವರಿಗೆ ಕಷ್ಟವಾಯಿತು. ಖೋಲಿ ಕೈ ಬದಲಾಗಬೇಕಾದರೆ ಪಗಡಿ ಎಂಬ ದೊಡ್ಡ ಗಂಟು ಕೊಡಬೇಕಾಯಿತು. ಬಡವರಿಗೆ ಬಾಡಿಗೆಗೆಂದು ಹೊಸ ಮನೆ ಕಟ್ಟುವವರು ಕಡಮೆಯಾದರು. 2011ರ ಜನಗಣತಿಯಂತೆ ಮುಂಬಯಿಯ ಹತ್ತು ಜನರಲ್ಲಿ ನಾಲ್ವರು ಝೋಪಡಪಟ್ಟಿಯಲ್ಲಿದ್ದರು.

ಬೆಂಗಳೂರಿನಲ್ಲಿ ಜಾಗ ಅಷ್ಟು ಇಕ್ಕಟ್ಟಲ್ಲ. ವಠಾರದ ಮನೆಯಾದರೂ ಬಾಗಿಲು ನಮ್ಮದು, ಒಲೆ ನಮ್ಮದು. ಆದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಮೊದಲೇ ಕೇಳುವ ಪದ್ಧತಿ ಅಲ್ಲಿ ಬೇರೂರಿದೆ. ಒಂದು ಲೆಕ್ಕ ಮಾಡೋಣ. ತಿಂಗಳ ಬಾಡಿಗೆ ಎಂಟು ಸಾವಿರವಾದರೆ ಅಡ್ವಾನ್ಸ್ ಎಂಬತ್ತು ಸಾವಿರ. ಬಡವನು ಅದನ್ನು ನೂರಕ್ಕೆ ಮೂರರಂತೆ ಸಾಲ ತಂದರೆ ತಿಂಗಳಿಗೆ 2,400 ರೂಪಾಯಿ ಬಡ್ಡಿ. ಮನೆಯ ನಿಜವಾದ ಬಾಡಿಗೆ ಎಂಟು ಸಾವಿರವಲ್ಲ, 10,400! ವ್ಯಾಪಾರಿ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳಿಗೆ ಹಿಡಿಯಲು ಹೋದರೂ ಇದೇ ಕಥೆ.

ಅದೇ ಬೆಂಗಳೂರಿನಲ್ಲಿ ಬೇರೊಂದು ಕಾಲವೂ ಇತ್ತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಎಂಬ ಸಾರ್ವಜನಿಕ ಕಾರ್ಖಾನೆಗಳು ಎದ್ದಾಗ ಅವುಗಳ ಸುತ್ತ ಕಾರ್ಮಿಕರ ಕಾಲೊನಿ, ಶಾಲೆ, ಆಸ್ಪತ್ರೆಗಳೂ ಎದ್ದವು. ಯಂತ್ರ ನಡೆಸುವವನಿಗೆ ಮನೆಯೂ ಬೇಕು ಎಂದು ಆಗ ಒಪ್ಪಲಾಗಿತ್ತು. ಇಂದು ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳಿಗೆ ಅಂಥ ಕಾಲೊನಿ ಎಲ್ಲಿದೆ? 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿಯಿಂದ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ಎಬ್ಬಿಸಿ ಬುಲ್ಡೋಜರ್ ಓಡಿಸಿದ್ದನ್ನು ನಾವು ಮರೆತಿಲ್ಲ.

ಎರಡನೆಯದು ನೀರು. ಮುಂಬಯಿಯ ಸರೋವರಗಳು ತಾನ್ಸಾ, ವೈತರಣಾ, ಭಾತಸಾ. ಅವು ದೂರದಲ್ಲಿದ್ದರೂ ಎತ್ತರದಲ್ಲಿವೆ, ನೀರು ಬಹುಮಟ್ಟಿಗೆ ತಾನೇ ಇಳಿದು ಬರುತ್ತದೆ. ಬೆಂಗಳೂರಿನ ಸ್ಥಿತಿ ತಲೆಕೆಳಗು. ಕಾವೇರಿ ಕೆಳಗೆ, ಊರು ಮೇಲೆ. ನೂರು ಕಿಲೋಮೀಟರು ದೂರದಿಂದ ನೀರನ್ನು ಸುಮಾರು ಐನೂರು ಮೀಟರು ಎತ್ತಬೇಕು. ಕಾವೇರಿ 1974ರಲ್ಲಿ ಬಂದಳು; ಊರಂಚಿನ 110 ಹಳ್ಳಿಗಳಿಗೆಂದು ಐದನೆಯ ಹಂತ ಆರಂಭವಾದದ್ದು 2024ರ ಅಕ್ಟೋಬರಿನಲ್ಲಿ. ಆ ವರ್ಷದ ಬೇಸಗೆಯಲ್ಲೇ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ್ದರು.

ಹಾಗಾದರೆ ಮುಂಬಯಿಯ ಬಡವನಿಗೆ ನೀರು ತಾನಾಗಿ ಬಂತೇ? ಇಲ್ಲ. ನೀರು ಇಳಿದು ಬರುವುದು ನಗರದ ಹೆಬ್ಬಾಗಿಲವರೆಗೆ ಮಾತ್ರ. ಅಲ್ಲಿಂದ ಗುಡಿಸಿಲಿಗೆ ಬರಲು ಹೋರಾಟವೇ ಬೇಕು. ಗೋರೆಗಾಂವಿನಲ್ಲಿ ನಮ್ಮ ಸಮಾಜವಾದಿ ಮೃಣಾಲ್ ಗೋರೆಯವರು ಹೆಂಗಸರನ್ನು ಕಟ್ಟಿಕೊಂಡು ನೀರಿಗಾಗಿ ಹೋರಾಡಿದರು. ಜನ ಅವರಿಗೆ ಇಟ್ಟ ಹೆಸರೇ 'ಪಾಣಿವಾಲಿ ಬಾಯಿ'. ಅನಧಿಕೃತ ಗುಡಿಸಿಲೆಂದು ನೀರು ನಿರಾಕರಿಸುವಂತಿಲ್ಲ ಎಂದು ಮುಂಬಯಿ ಹೈಕೋರ್ಟು ಹೇಳಿದ್ದು 2014ರಲ್ಲಿ. ಅದೂ ಜನ ಸಂಘ ಕಟ್ಟಿ ನ್ಯಾಯಾಲಯಕ್ಕೆ ಹೋದ ಮೇಲೆ.

ಮೂರನೆಯದು ದಾರಿ. ಇದರಲ್ಲಿ ಮುಂಬಯಿಯೇ ಮುಂದು. 1853ರಲ್ಲಿ ಠಾಣೆಗೆ ಓಡಿದ ರೈಲಿನಿಂದ ಬೆಳೆದ ಲೋಕಲ್ ಗಾಡಿಗಳು ಆ ನಗರದ ನರನಾಡಿ. ಕೆಲವು ನೂರು ರೂಪಾಯಿಯ ತಿಂಗಳ ಪಾಸಿನಲ್ಲಿ ಕೂಲಿಕಾರ ಐವತ್ತು ಕಿಲೋಮೀಟರು ದೂರದಿಂದ ಬಂದು ಹೋಗುತ್ತಾನೆ. ಆದರೆ ಅದರ ಬೆಲೆ ರಕ್ತದಲ್ಲಿದೆ. ನೂಕುನುಗ್ಗಲಿನಲ್ಲಿ ಬಿದ್ದೋ, ಹಳಿ ದಾಟಲು ಹೋಗಿಯೋ, ಬೇರೆ ಕಾರಣದಿಂದಲೋ ಆ ರೈಲುದಾರಿಯಲ್ಲಿ 2023ರಲ್ಲಿ ಸತ್ತವರು ಎರಡೂವರೆ ಸಾವಿರಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಮೆಟ್ರೊ ಬಂದದ್ದು 2011ರಲ್ಲಿ. 2025ರ ಫೆಬ್ರುವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟ್ಟನ್ನು 90 ರೂಪಾಯಿ ಮಾಡಿದರು. ಕೂಲಿಕಾರನ ಗಾಡಿಯಾಗಬಹುದಾದ ಉಪನಗರ ರೈಲಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಅಡಿಗಲ್ಲು 2022ರಲ್ಲಿ. 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದದ್ದು ಮಾತ್ರ ಗಾರ್ಮೆಂಟ್ ಹೆಣ್ಣುಮಕ್ಕಳಿಗೆ ಕೈಗೆ ಕಂಡ ಉಳಿತಾಯ.

ಬಂಧುಗಳೇ, ಈಗ ತೀರ್ಪು. ಒಬ್ಬಂಟಿ ಹುಡುಗ, ಕೈಯಲ್ಲಿ ಅಡ್ವಾನ್ಸ್ ಇಲ್ಲ, ಹೋಟೆಲಿನಲ್ಲೋ ಅಂಗಡಿಯಲ್ಲೋ ಊಟ ವಸತಿಯ ಕೆಲಸ ಸಿಗುವಂತಿದ್ದರೆ ಮುಂಬಯಿ ಅವನನ್ನು ಹೊರುತ್ತದೆ. ಕರಾವಳಿಯ ಹುಡುಗರು ಹಗಲು ಲೋಟ ತೊಳೆದು ಕನ್ನಡದ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದದ್ದು ಅಲ್ಲಿಯೇ. ಹೆಂಡತಿ ಮಕ್ಕಳ ಸಂಸಾರವಿದ್ದರೆ ಬೆಂಗಳೂರು ವಾಸಿ: ಮಕ್ಕಳಿಗೆ ಕನ್ನಡ ಶಾಲೆ, ಹೆಂಗಸಿಗೂ ಕೆಲಸ, ಕಷ್ಟ ಬಂದರೆ ರಾತ್ರಿ ರೈಲು ಹತ್ತಿ ಬೆಳಗಾಗುವುದರೊಳಗೆ ಊರು. ಆದರೆ ಅಡ್ವಾನ್ಸಿಗೆ ಬಡ್ಡಿಸಾಲ ಮಾಡಿ ಹೋಗಬೇಡಿ. ಮೊದಲ ವರ್ಷದ ದುಡಿಮೆಯೆಲ್ಲ ಸಾಹುಕಾರನ ಪಾಲಾಗುತ್ತದೆ.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಮಾತು ಅರ್ಧವಾದೀತು. 1949ರಲ್ಲಿ ಮಂಗಳೂರಿನ ಒಬ್ಬ ಹುಡುಗ ಬರಿಗೈಯಲ್ಲಿ ಮುಂಬಯಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದ. ಅವನೇ ಹೋಟೆಲು, ಟ್ಯಾಕ್ಸಿ, ನಗರಸಭೆಯ ಕೆಲಸಗಾರರ ಸಂಘ ಕಟ್ಟಿ 1967ರಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ ಜಾರ್ಜ್ ಫರ್ನಾಂಡಿಸ್. ಮೃಣಾಲ್ ಗೋರೆ ಮತ್ತು ಅವರ ಸಂಗಾತಿಗಳು ನಗರ ಭೂಮಿತಿ ಕಾಯಿದೆಯ ಹೆಚ್ಚುವರಿ ಭೂಮಿಗಾಗಿ ಹೋರಾಡಿ ದಿಂಡೋಶಿಯಲ್ಲಿ ಸಾಮಾನ್ಯರಿಗೆ ಸಾವಿರಾರು ಮನೆ ಕಟ್ಟಿಸಿದರು. ಆ 1976ರ ಕಾಯಿದೆಯನ್ನು ಕೇಂದ್ರ 1999ರಲ್ಲಿ ರದ್ದುಮಾಡಿತು. ಮಹಾರಾಷ್ಟ್ರ 2007ರಲ್ಲಿ ಅದೇ ದಾರಿ ಹಿಡಿಯಿತು. ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ ಪ್ರಾವಿಡೆಂಟ್ ಫಂಡಿನ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಬೀದಿಗಿಳಿದರು. ಎರಡು ದಿನದಲ್ಲಿ ದಿಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಸೋತ ಪಾಠವನ್ನೂ ಹೇಳಬೇಕು. 1982ರ ಜನವರಿ 18ರಂದು ಮುಂಬಯಿಯಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರಿದ್ದರು. ಗಿರಣಿಗಳು ಮುಚ್ಚಿದವು. ಆ ಭೂಮಿಯಲ್ಲಿ ಮೂರರಲ್ಲೊಂದು ಪಾಲು ವಸತಿಗೆ, ಒಂದು ಪಾಲು ನಗರದ ಬಯಲಿಗೆ ಎಂದು 1991ರ ನಿಯಮ ಹೇಳಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗದಲ್ಲಿ ಮಾತ್ರ ಪಾಲು ಎಂದರು. ಬಡವರ ಪಾಲು ಕರಗಿತು. ಫೀನಿಕ್ಸ್ ಗಿರಣಿಯ ಜಾಗದಲ್ಲಿ ಇಂದು ಮಾಲ್ ಇದೆ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಮುಗಿಲೆತ್ತರದ ಮನೆಗಳಿವೆ. ಮುಂಬಯಿಯಲ್ಲಿ ಮನೆಗಾಗಿ ಅರ್ಜಿ ಹಾಕಿದ ಗಿರಣಿ ಕಾರ್ಮಿಕರು ಮತ್ತು ವಾರಸುದಾರರು ಲಕ್ಷಕ್ಕೂ ಮೇಲೆ. ಸಿಕ್ಕವರು ಅದರಲ್ಲಿ ಸಣ್ಣ ಪಾಲು. ಗಿರಣಿ ಮುಚ್ಚಿದ ಊರಿನವರಾದ ನಾವು ಈ ಪಾಠವನ್ನು ಕಲಿಯದಿದ್ದರೆ ಇನ್ನಾರು ಕಲಿಯಬೇಕು? ಗಿರಣಿಯ ಭೂಮಿ ಎಲ್ಲಿಯೇ ಮಾರಾಟವಾಗಲಿ, ದುಡಿದವನ ಮನೆಯ ಪಾಲು ಎಲ್ಲಿ ಎಂದು ಮೊದಲ ದಿನವೇ ಕೇಳಬೇಕು.

ಆದ್ದರಿಂದ ಹುಡುಗನನ್ನು ಕಳಿಸುವ ತಂದೆತಾಯಿಗಳೇ, ಬುತ್ತಿಯ ಜೊತೆಗೆ ಒಂದು ಮಾತನ್ನೂ ಕಟ್ಟಿಕೊಡಿ: ಹೋದ ಮೊದಲ ತಿಂಗಳಲ್ಲೇ ಸಂಘದ ರಸೀತಿ ತೆಗೆದುಕೋ ಎಂದು. ಇಲ್ಲಿ ಉಳಿದ ನಾವು ಮೂರು ಬೇಡಿಕೆಗಳನ್ನು ಮುಂದಿಡೋಣ: ನಗರಗಳಲ್ಲಿ ಸರ್ಕಾರವೇ ಕಟ್ಟಿ ಕೊಡುವ ಬಾಡಿಗೆ ಮನೆ, ಅಡ್ವಾನ್ಸಿಗೆ ಕಾನೂನಿನ ಮಿತಿ, ಜಿಲ್ಲೆ ಜಿಲ್ಲೆಯಲ್ಲಿ ಉದ್ಯೋಗ. ಮೂರನೆಯದು ಈಡೇರಿದ ದಿನ ಮುಂಬಯಿಯೋ ಬೆಂಗಳೂರೋ ಎಂಬ ಪ್ರಶ್ನೆಗೆ ನಮ್ಮ ಹುಡುಗರು ದಾವಣಗೆರೆ ಎಂದೂ ಉತ್ತರ ಕೊಡಬಲ್ಲರು.