ನಮ್ಮೂರಿನ ದನಿಗೆ ನೂರು ವ್ಯಾಟ್ ಸಾಕೇ?

(ತುಮಕೂರು ನಗರದಲ್ಲಿ, ಗುಬ್ಬಿ ಮತ್ತು ಕುಣಿಗಲ್‌ನ ಮಿತ್ರರೂ ಭಾಗವಹಿಸಿದ್ದ ಸಭೆಯೊಂದರಲ್ಲಿ ಸಮುದಾಯ ಬಾನುಲಿಯ ಕುರಿತು ಮಾಡಿದ ಭಾಷಣದ ಬರಹ ರೂಪ)



ಟಿ.ವಿ. ಚಾನೆಲ್‌ಗಳು ದಿನ ಬೆಳಗಾದರೆ ನಮ್ಮನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿವೆ, ಆದ್ದರಿಂದ ನಮ್ಮದೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಏಕೆ ಆರಂಭಿಸಬಾರದು ಎಂಬುದು ಇಂದು ನಮ್ಮ ಯುವಕರು ಕೇಳುತ್ತಿರುವ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ. ಆದರೆ ಚಂದಾ ಪುಸ್ತಕ ಅಚ್ಚು ಹಾಕಿಸುವ ಮೊದಲು ಕೆಲವು ಸಂಗತಿಗಳನ್ನು ನಾವು ಮುಕ್ತವಾಗಿ ಚರ್ಚಿಸಬೇಕಾಗಿದೆ.

ಮದೀನಾದಲ್ಲಿ ನಮಾಝಿಗೆ ಜನರನ್ನು ಕರೆಯುವುದು ಹೇಗೆಂಬ ಸಮಾಲೋಚನೆ ನಡೆದಾಗ ಗಂಟೆಯ ಸಲಹೆ ಬಂತು, ಕಹಳೆಯ ಸಲಹೆಯೂ ಬಂತು. ಕೊನೆಗೆ ಆಯ್ಕೆಯಾದದ್ದು ಮನುಷ್ಯನ ಕಂಠ. ಆ ಕಂಠವಾದರೂ ಯಾರದು? ಕುರೈಶರ ಯಾವುದೇ ನಾಯಕನದಲ್ಲ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಹಝ್ರತ್ ಬಿಲಾಲ್(ರ)ರದು. ಸಮಾಜವು ಯಾರ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲವೋ ಅವರ ದನಿಗೆ ಎತ್ತರದ ಜಾಗ ಕೊಡುವ ಪಾಠ ನಮಗೆ ಅಲ್ಲಿಯೇ ದೊರೆತಿದೆ. ಸಮುದಾಯ ಬಾನುಲಿಯ ತತ್ವವೂ ಇದಕ್ಕಿಂತ ಬೇರೆಯಲ್ಲ.

ಕನ್ನಡ ನಾಡಿಗೆ ಸಣ್ಣ ಬಾನುಲಿ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಆದರೆ ಒಬ್ಬ ವ್ಯಕ್ತಿಯ ಉತ್ಸಾಹ ಮತ್ತು ಕಿಸೆಯಿಂದ ಒಂದು ಕೇಂದ್ರವನ್ನು ಬಹುಕಾಲ ನಡೆಸಲಾಗದು. ಕೆಲವು ವರ್ಷಗಳಲ್ಲಿ ಅದು ಸಾರ್ವಜನಿಕ ಆಡಳಿತದ ಕೈಸೇರಿತು. ಹೆಸರು ಕೊಟ್ಟ ಸಂಸ್ಥೆಯ ಕಥೆಯೇ ಹೀಗಿರುವಾಗ ನಮ್ಮ ಲೆಕ್ಕಾಚಾರ ಇನ್ನಷ್ಟು ಎಚ್ಚರದ್ದಾಗಿರಬೇಕು.

ಸ್ವಾತಂತ್ರ್ಯಾನಂತರ ಹಲವು ದಶಕಗಳ ಕಾಲ ಬಾನುಲಿ ಸರಕಾರದ ಸೊತ್ತಾಗಿತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ತರಂಗಗಳು ಸಾರ್ವಜನಿಕ ಸೊತ್ತು ಎಂದು ತೀರ್ಪಿತ್ತಿತು. ಆದರೂ ಬಾಗಿಲು ತೆರೆದದ್ದು ಹಂತ ಹಂತವಾಗಿ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ದೊರೆಯಿತು. 2006ರ ನವೆಂಬರ್‌ನಲ್ಲಷ್ಟೇ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರಾಘವ ಮಹತೋ ಎಂಬ ಬಡ ಯುವಕ ತನ್ನ ರಿಪೇರಿ ಅಂಗಡಿಯಲ್ಲಿ ಅತಿ ಅಗ್ಗದ ಬಿಡಿಭಾಗಗಳಿಂದ ನಡೆಸುತ್ತಿದ್ದ ಬಾನುಲಿಯನ್ನು ಪರವಾನಗಿ ಇಲ್ಲವೆಂದು ಮುಚ್ಚಿಸಿದ್ದು ಕೂಡ ಅದೇ 2006ರಲ್ಲಿ. ತರಂಗ ಸಾರ್ವಜನಿಕರದ್ದೇ, ಬಳಸಲು ಮಾತ್ರ ಅನುಮತಿ ಬೇಕು.

ಹತ್ತು ಕಿಲೋಮೀಟರ್‌ನ ಗಡಿ

ಇನ್ನು ನಮ್ಮ ಜಿಲ್ಲೆಯ ವಿಚಾರಕ್ಕೆ ಬರೋಣ. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ದೊರೆಯುವ ಪ್ರಸರಣ ಶಕ್ತಿ 100 ವ್ಯಾಟ್. ಸ್ತಂಭದ ಎತ್ತರಕ್ಕೂ 30 ಮೀಟರ್‌ನ ಮಿತಿ ಇದೆ. ಹೆಚ್ಚೆಂದರೆ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ದನಿ ಕೇಳಿಸೀತು. ಗುಬ್ಬಿ ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಕುಣಿಗಲ್ ಅದಕ್ಕಿಂತಲೂ ದೂರ. ಅಂದರೆ ತುಮಕೂರಿನಲ್ಲಿ ನಾವು ಎಷ್ಟೇ ಚೆನ್ನಾಗಿ ಮಾತನಾಡಿದರೂ ಗುಬ್ಬಿಯ ಅಡಿಕೆ ಮಂಡಿಯಲ್ಲಿ ಕುಳಿತವರಿಗೆ ಕೇಳಿಸದು, ಕುಣಿಗಲ್ ದೊಡ್ಡಕೆರೆಯ ದಂಡೆಗೂ ತಲುಪದು. ಒಂದು ಸಂಸ್ಥೆ ಆರು ಕೇಂದ್ರಗಳವರೆಗೆ ನಡೆಸಬಹುದೆಂದು ಈಗಿನ ನಿಯಮ ಹೇಳುತ್ತದಾದರೂ ಅವು ಬೇರೆ ಬೇರೆ ಜಿಲ್ಲೆಗಳಲ್ಲಿರಬೇಕು. ಒಂದೇ ಜಿಲ್ಲೆಯ ನಮ್ಮ ಮೂರು ಊರುಗಳಿಗೆ ಅದರಿಂದ ಪ್ರಯೋಜನವಿಲ್ಲ. 'ಜಿಲ್ಲೆಗೊಂದು ಮುಸ್ಲಿಮ್ ರೇಡಿಯೋ' ಎಂಬ ಘೋಷಣೆ ಇಲ್ಲಿಯೇ ಬಿದ್ದುಹೋಗುತ್ತದೆ.

ಅನುಮತಿಯ ಹಾದಿಯೂ ಉದ್ದವಾದದ್ದು. ಅರ್ಜಿ ಹಾಕುವ ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಕೆಲಸ ಮಾಡಿರಬೇಕು. ಅದು ಯಾವುದೇ ರಾಜಕೀಯ ಪಕ್ಷದ ಅಂಗಸಂಸ್ಥೆ ಆಗಿರಕೂಡದು. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಪರಿಶೀಲನೆ, ಗೃಹ ಇಲಾಖೆಯ ಒಪ್ಪಿಗೆ, ತರಂಗಾಂತರದ ಹಂಚಿಕೆ, ಸ್ತಂಭ ನಿಲ್ಲಿಸುವ ಜಾಗಕ್ಕೆ ಅನುಮತಿ, ಆಮೇಲೆ ಕರಾರು, ಕೊನೆಗೆ ಪರವಾನಗಿ. ಇಷ್ಟಾದ ಮೇಲೂ ವರ್ಷ ವರ್ಷ ತರಂಗಾಂತರ ಶುಲ್ಕ ಕಟ್ಟಬೇಕು. 2012ರಲ್ಲಿ ಈ ಶುಲ್ಕವನ್ನು 19,700 ರೂಪಾಯಿಯಿಂದ ಒಮ್ಮೆಲೇ 91,000 ರೂಪಾಯಿಗೆ ಏರಿಸಿದಾಗ ದೇಶದ ಸಣ್ಣ ಕೇಂದ್ರಗಳೆಲ್ಲ ಒಟ್ಟಾಗಿ ಪ್ರತಿಭಟಿಸಿದುವು. ಏರಿಕೆ ಹಿಂದೆ ಹೋಯಿತು. ಬಿಡಿಬಿಡಿಯಾಗಿ ಕೂಗಿದ್ದರೆ ಯಾರು ಕೇಳುತ್ತಿದ್ದರು?

ಹಣದ ಮಾತು ಬಂತು. ಯಂತ್ರ ಖರೀದಿಸುವುದು ಸುಲಭ. ಒಬ್ಬ ಶ್ರೀಮಂತರು ಮನಸ್ಸು ಮಾಡಿದರೆ ಸಾಕು, ಅವರ ಹೆಸರಿನ ಫಲಕವನ್ನೂ ಹಾಕಬಹುದು. ಕಷ್ಟವಿರುವುದು ಎರಡನೇ ವರ್ಷದ ವಿದ್ಯುತ್ ಬಿಲ್ಲಿನಲ್ಲಿ, ಮೂರನೇ ವರ್ಷದ ಬ್ಯಾಟರಿಯಲ್ಲಿ, ಪ್ರತಿ ತಿಂಗಳ ಸಂಬಳದಲ್ಲಿ. ಅವುಗಳಿಗೆ ಫಲಕ ಹಾಕುವ ಗೋಡೆ ಇಲ್ಲ. 2024ರ ಫೆಬ್ರವರಿಯ ಮಾರ್ಗಸೂಚಿ ಜಾಹೀರಾತಿನ ಅವಧಿಯನ್ನು ಗಂಟೆಗೆ 12 ನಿಮಿಷಗಳಿಗೆ ಹೆಚ್ಚಿಸಿದೆ. ಸರಕಾರಿ ಜಾಹೀರಾತಿನ ದರವೂ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಏರಿದೆ. ಲೆಕ್ಕ ಹಾಕಿದರೆ ಗಂಟೆಗೆ 5,328 ರೂಪಾಯಿ ಆಗುತ್ತದೆ. ಆದರೆ ಅದು ಕಾಗದದ ಲೆಕ್ಕ. ಹನ್ನೆರಡು ನಿಮಿಷವನ್ನೂ ತುಂಬುವಷ್ಟು ಜಾಹೀರಾತು ಸಣ್ಣ ಊರಿನ ಕೇಂದ್ರಕ್ಕೆ ಎಲ್ಲಿಂದ ಬರಬೇಕು? ಮದುವೆಯ ಊಟಕ್ಕೆ, ಮಂಟಪದ ಅಲಂಕಾರಕ್ಕೆ ಸಾಲ ಮಾಡಿಯಾದರೂ ಖರ್ಚು ಮಾಡುವ ನಾವು ತಿಂಗಳಿಗೆ ನೂರು ರೂಪಾಯಿಯಂತೆ ಐದು ವರ್ಷ ತಪ್ಪದೆ ಕೊಡುವ ಇನ್ನೂರು ಮನೆಗಳನ್ನು ತೋರಿಸಬಲ್ಲೆವೇ? ತೋರಿಸಬಲ್ಲೆವಾದರೆ ಮಾತ್ರ ಅರ್ಜಿ ಹಾಕುವ ಹಕ್ಕು ನಮಗಿದೆ.

ಯಾರ ಕಂಠ?

ಹಣಕ್ಕಿಂತಲೂ ದೊಡ್ಡ ಕೊರತೆ ಜನರದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರ ಸಹಭಾಗಿತ್ವದಲ್ಲಿ ತಯಾರಾಗಿರಬೇಕೆಂಬ ನಿಯಮವಿದೆ. ದಿನಕ್ಕೆ ಎಂಟು ಗಂಟೆ ಪ್ರಸಾರವೆಂದರೆ ದಿನವೂ ನಾಲ್ಕು ಗಂಟೆ ಈ ಊರಿನವರೇ ಮಾತನಾಡಬೇಕು, ಹಾಡಬೇಕು, ಪ್ರಶ್ನಿಸಬೇಕು. ಮೊದಲ ತಿಂಗಳು ಉತ್ಸಾಹ ಇರುತ್ತದೆ. ಬಳಿಕ ಪರೀಕ್ಷೆ ಬಂತೆಂದು ವಿದ್ಯಾರ್ಥಿಗಳು, ವ್ಯಾಪಾರದ ಕಾಲವೆಂದು ಅಂಗಡಿಯವರು ಜಾರಿಕೊಳ್ಳುತ್ತಾರೆ. ಉಳಿಯುವವರು ಯಾರು? ಉಳಿದಲ್ಲೆಡೆ ಉಳಿದವರು ಮಹಿಳೆಯರು.

ಆಂಧ್ರ ಪ್ರದೇಶದಲ್ಲಿದ್ದು ಈಗ ತೆಲಂಗಾಣಕ್ಕೆ ಸೇರಿರುವ ಪಸ್ತಾಪುರದಲ್ಲಿ 2008ರ ಅಕ್ಟೋಬರ್‌ನಲ್ಲಿ ಆರಂಭವಾದ ಸಂಘಂ ರೇಡಿಯೋವನ್ನು ನಡೆಸಿದವರು ದಲಿತ ಮಹಿಳೆಯರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಪರವಾನಗಿ ದೊರೆಯದ ಕಾಲದಲ್ಲೇ, ಕೇಬಲ್ ತಂತಿಯ ಮೂಲಕ 'ನಮ್ಮ ಧ್ವನಿ'ಯನ್ನು ಮನೆಮನೆಗೆ ತಲುಪಿಸುವಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಪಾತ್ರ ದೊಡ್ಡದು. ಹೈದರಲಿ ಹುಟ್ಟಿದ ಊರೆಂದು ನಾವು ಹೆಮ್ಮೆಪಡುವ ಬೂದಿಕೋಟೆ ಅದೇ.

ನಮ್ಮಲ್ಲಿ ಕೆಲವರು ತಕ್ಷಣ ಸ್ತ್ರೀಯ ಧ್ವನಿಯ ಕುರಿತು ಆಕ್ಷೇಪ ಎತ್ತುತ್ತಾರೆ. ಮದ್ರಸದಲ್ಲಿ ಕಲಿತ ನಾವು ಗೌರವದಿಂದಲೇ ನೆನಪಿಸಬಯಸುತ್ತೇವೆ: ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ನಮಗೆ ತಲುಪಿರುವುದು ಹಝ್ರತ್ ಆಯಿಶಾ(ರ)ರ ಮೂಲಕ. ಸಹಾಬಿಗಳೂ ತಾಬಿಈಗಳೂ ಪರದೆಯ ಈಚೆ ಕುಳಿತು ಅವರಿಂದ ಧರ್ಮಜ್ಞಾನವನ್ನು ಕಲಿತರು. ಬಾನುಲಿಯೆಂದರೆ ಮುಖ ಕಾಣದ ಮಾಧ್ಯಮ. ಬೀಡಿ ಸುತ್ತುವ, ಊದುಬತ್ತಿ ಹೊಸೆಯುವ ಸಹೋದರಿಯ ಕೈಗಳಿಗೆ ಬಿಡುವಿಲ್ಲ, ಆದರೆ ಅವಳ ಕಿವಿಗೆ ಬಿಡುವಿದೆ. ಕೂಲಿಯ ದರ, ಮಗಳ ವಿದ್ಯಾರ್ಥಿವೇತನ, ವರದಕ್ಷಿಣೆಯ ಪಿಡುಗು, ತಲಾಕ್‌ನ ದುರುಪಯೋಗ - ಇವುಗಳ ಕುರಿತು ಅವಳಿಗೆ ಹೇಳಲಿಕ್ಕಿರುವುದನ್ನು ನಾವು ಇನ್ನೂ ಕೇಳಿಸಿಕೊಂಡಿಲ್ಲ. ಸಲಹಾ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಈಗ ಸರಕಾರವೇ ಹೇಳುತ್ತಿದೆ. ನಮ್ಮ ಮಸೀದಿ ಕಮಿಟಿಗಳ ಮಾದರಿಯಲ್ಲಿ ಈ ಸಮಿತಿಯನ್ನು ರಚಿಸಲಾಗದು ಎಂಬುದನ್ನು ಹಿರಿಯರು ಗಮನಿಸಬೇಕು.

ಸುದ್ದಿಯೂ ಸತ್ಯವೂ

ಬಾನುಲಿ ಆರಂಭಿಸಿ ಟಿ.ವಿ.ಯ ಸುಳ್ಳುಗಳಿಗೆ ಉತ್ತರಿಸುತ್ತೇವೆ ಎನ್ನುವವರು ಇನ್ನೊಂದನ್ನು ತಿಳಿದಿರಬೇಕು. ಸಮುದಾಯ ಬಾನುಲಿ ತನ್ನದೇ ಸುದ್ದಿ ಮತ್ತು ರಾಜಕೀಯ ವಿಶ್ಲೇಷಣೆ ಪ್ರಸಾರ ಮಾಡುವಂತಿಲ್ಲ. ಹವಾಮಾನ, ಪರೀಕ್ಷೆ, ಸಂಚಾರ, ನೀರು-ವಿದ್ಯುತ್ತಿನಂತಹ ಮಾಹಿತಿ ಕೊಡಬಹುದು. ಆಕಾಶವಾಣಿಯ ವಾರ್ತೆಯನ್ನು ಬದಲಾಯಿಸದೆ ಮರುಪ್ರಸಾರ ಮಾಡಬಹುದು. ಇಪ್ಪತ್ನಾಲ್ಕು ಗಂಟೆಯೂ ದ್ವೇಷ ಕಾರುವ ಖಾಸಗಿ ಚಾನೆಲ್‌ಗಳಿಗೆ ಸಿಗುವ ಸ್ವಾತಂತ್ರ್ಯ ಹತ್ತು ಕಿಲೋಮೀಟರ್‌ನ ಬಡ ಬಾನುಲಿಗೆ ಇಲ್ಲ! 2020ರ ಏಪ್ರಿಲ್‌ನಲ್ಲಿ ಕೊರೋನಾದ ಹೆಸರಲ್ಲಿ ಒಂದು ಸಮುದಾಯವನ್ನೇ ಅಪರಾಧಿಯಾಗಿಸಿ, ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಯ ಅನ್ನಕ್ಕೂ ಕಲ್ಲು ಹಾಕಿದವರನ್ನು ಯಾವ ನಿಯಮ ತಡೆಯಿತು? ಈ ಅನ್ಯಾಯವನ್ನು ಪ್ರಶ್ನಿಸಲೇಬೇಕು.

ಆದರೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳ ಸ್ಥಿತಿ ಏನು? ಸುದ್ದಿ ಬಂದಾಗ ಅದನ್ನು ಪರಿಶೀಲಿಸಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಒಂದು ಹದೀಸನ್ನು ಸ್ವೀಕರಿಸಲು ಅದನ್ನು ಹೇಳಿದ ಪ್ರತಿಯೊಬ್ಬನ ನಂಬಿಕಾರ್ಹತೆಯನ್ನು ತೂಗಿ ನೋಡಿದ ವಿದ್ವಾಂಸರ ಪರಂಪರೆ ನಮ್ಮದು. ಆ ಪರಂಪರೆಯ ವಾರಸುದಾರರು ಯಾರೋ ಕಳಿಸಿದ್ದನ್ನು ಓದದೆಯೇ ಮುಂದಕ್ಕೆ ದೂಡುತ್ತಿದ್ದಾರೆ. ಪ್ರಸಾರ ಮಾಡಿದ್ದನ್ನೆಲ್ಲ ಮೂರು ತಿಂಗಳ ಕಾಲ ಕಾಪಿಡಬೇಕೆಂದು ಬಾನುಲಿಯ ನಿಯಮ ಹೇಳುತ್ತದೆ. ಆಡಿದ ಪ್ರತಿ ಮಾತೂ ದಾಖಲಾಗುತ್ತಿದೆ ಎಂದು ನಂಬುವವರಿಗೆ ಈ ನಿಯಮ ಹೊರೆಯಾಗಲಾರದು.

ಇನ್ನು ಅದು ಯಾರ ಬಾನುಲಿಯಾಗಬೇಕು? ಹರಿಯಾಣದ ಮೇವಾತ್‌ನಲ್ಲಿ 2010ರಲ್ಲಿ 'ರೇಡಿಯೋ ಮೇವಾತ್', 2012ರಲ್ಲಿ 'ಅಲ್ಫಾಝ್-ಎ-ಮೇವಾತ್' ಆರಂಭವಾದುವು. ಕೇಳುಗರಲ್ಲಿ ಹೆಚ್ಚಿನವರು ಮೇವ್ ಮುಸ್ಲಿಮರು. ಆದರೆ ಅಲ್ಲಿನ ಮಾತು ನೀರು, ಬೆಳೆ, ಶಾಲೆ, ಆರೋಗ್ಯದ ಕುರಿತಾಗಿತ್ತು. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ 'ರೇಡಿಯೋ ಸಾರಂಗ್' ಕನ್ನಡ, ತುಳು, ಕೊಂಕಣಿಯ ಜೊತೆಗೆ ಬ್ಯಾರಿ ಭಾಷೆಗೂ ಜಾಗ ಕೊಟ್ಟಿತು. ಕ್ರೈಸ್ತ ಸಂಸ್ಥೆಯೊಂದು ಬ್ಯಾರಿ ಭಾಷೆಗೆ ಬಾಗಿಲು ತೆರೆಯಬಹುದಾದರೆ ನಾವು ಕಟ್ಟುವ ಕೇಂದ್ರ ಕುಂಚಿಟಿಗರ ಅಜ್ಜಿಯ ಸೋಬಾನೆಗೂ ಕಾಡುಗೊಲ್ಲರ ಪದಗಳಿಗೂ ಬಾಗಿಲು ತೆರೆಯಬೇಡವೇ? ಗುಬ್ಬಿ ವೀರಣ್ಣನವರ ನೆಲ ಇದು. ಕನ್ನಡದ ವೃತ್ತಿ ರಂಗಭೂಮಿ ಮಹಮದ್ ಪೀರರನ್ನು ತನ್ನ ಮಹಾ ನಟರಲ್ಲೊಬ್ಬರೆಂದು ಅಪ್ಪಿಕೊಂಡಿತು. ನಮ್ಮ ಮನೆಯ ದಖನಿಗೆ ಮೈಕ್ ಸಿಗಬೇಕು, ನಿಜ. ಆದರೆ ನೆರೆಮನೆಯವರು ಕೇಳದ ಬಾನುಲಿಯಿಂದ ನೆರೆಮನೆಯವರ ತಪ್ಪು ಕಲ್ಪನೆ ನಿವಾರಣೆಯಾಗದು.

ಆದ್ದರಿಂದ ನಮ್ಮ ಸಲಹೆ ಸರಳವಾಗಿದೆ. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ಮಾಧ್ಯಮ ಅಧ್ಯಯನ ಕೇಂದ್ರದವರು ಕಟ್ಟಿದ 'ರೇಡಿಯೋ ಸಿದ್ಧಾರ್ಥ'ವಿದೆ. ಮೊದಲು ಅಲ್ಲಿಗೆ ಹೋಗೋಣ, ವಾರಕ್ಕೆ ಅರ್ಧ ಗಂಟೆಯ ಒಳ್ಳೆಯ ಕಾರ್ಯಕ್ರಮ ಮಾಡಿಕೊಡುತ್ತೇವೆ ಎಂದು ಕೇಳೋಣ. ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ತಲಾ ಐದು ಮಂದಿ ಹೆಣ್ಣುಮಕ್ಕಳು, ಐದು ಮಂದಿ ಗಂಡುಮಕ್ಕಳು ಮೊಬೈಲಿನಲ್ಲೇ ಧ್ವನಿಮುದ್ರಣ ಕಲಿಯಲಿ. ಒಂದು ವರ್ಷ ವಾರ ತಪ್ಪದೆ ಇದನ್ನು ನಡೆಸಿ ತೋರಿಸೋಣ. ನಡೆದರೆ, ಗುಬ್ಬಿಯವರೂ ಕುಣಿಗಲ್‌ನವರೂ ಎಲ್ಲ ಸಮುದಾಯದವರನ್ನೂ ಸೇರಿಸಿಕೊಂಡ ಸಂಸ್ಥೆ ಕಟ್ಟಿ ಅರ್ಜಿ ಹಾಕಲಿ. ನಡೆಯದಿದ್ದರೆ ಸಮುದಾಯದ ಲಕ್ಷಾಂತರ ರೂಪಾಯಿ ತುಕ್ಕು ಹಿಡಿದ ಸ್ತಂಭವಾಗಿ ನಿಲ್ಲುವುದಾದರೂ ತಪ್ಪುತ್ತದೆ.

ನೂರು ವ್ಯಾಟ್ ಸಾಕೇ ಎಂದು ಕೇಳಿದರೆ, ಆಡುವ ಮಾತು ಸತ್ಯವಾಗಿದ್ದರೆ ಸಾಕು. ಸುಳ್ಳಾಗಿದ್ದರೆ ನೂರೇ ಹೆಚ್ಚಾಯಿತು ಎನ್ನುತ್ತೇವೆ. ಸತ್ಯವನ್ನು ಹೇಳುವ ನಾಲಿಗೆಯನ್ನೂ ಇತರರ ನೋವನ್ನು ಕೇಳುವ ಕಿವಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.