ಮಾಳಿಗೆಯ ಮೇಲಿನ ಮಣ್ಣು
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಸರು ಹೇಳಿದೊಡನೆ ಹಣ್ಣೊಂದನ್ನು ನೆನಪಿಗೆ ತರುವ ಊರು ನಮ್ಮ ದಾಳಿಂಬ. ಇಲ್ಲಿ ನಿಂತು ನಗರದ ಕೈತೋಟದ ಬಗ್ಗೆ ಮಾತನಾಡುವುದು ಹೊಲದ ಬದುವಿನ ಮೇಲೆ ಕುಳಿತು ಕುಂಡ ಮಾರಿದಂತೆ ಎಂದು ಕೆಲವರಿಗಾದರೂ ಅನ್ನಿಸೀತು. ಆದರೆ ಈ ಸಭೆಯಲ್ಲಿರುವವರ ಮಕ್ಕಳು ಎಲ್ಲಿದ್ದಾರೆ? ಸೊಲ್ಲಾಪುರ, ಪುಣೆ, ಹೈದರಾಬಾದು, ಮುಂಬಯಿ, ಬೆಂಗಳೂರು. ಊರು ಬಿಟ್ಟವರು ಮನೆಯನ್ನು ಮತ್ತೆ ಕಟ್ಟಿಕೊಂಡರು, ಹಿತ್ತಲನ್ನು ಕಟ್ಟಿಕೊಳ್ಳಲಾಗಲಿಲ್ಲ. ಮಗನ ಮೂರನೆಯ ಅಂತಸ್ತಿನ ಮನೆಗೆ ಹೋದ ತಾಯಿ ಎರಡನೆಯ ದಿನವೇ ಕೇಳುತ್ತಾಳೆ, ಕರಿಬೇವಿನ ಗಿಡ ಎಲ್ಲಿಡೋಣಪ್ಪ ಎಂದು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ನನ್ನ ಇಂದಿನ ಮಾತು.

ಗಿಡ ಇಡಲು ಜಾಗ ಉಳಿದಿರುವುದು ಮಾಳಿಗೆಯ ಮೇಲೆ. ಮಾಳಿಗೆಯ ಮೇಲೆ ಮಣ್ಣು ಎಂದೊಡನೆ ಈ ಭಾಗದ ಹಿರಿಯರ ಎದೆ ಒಂದು ಕ್ಷಣ ನಿಲ್ಲುತ್ತದೆ. ನಮ್ಮ ಹಳೆಯ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಮಳೆಗಾಲಕ್ಕೆ ಮುಂಚೆ ಸೋರುವಲ್ಲಿ ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯದನ್ನು ತೆಗೆಯುವ ವಾಡಿಕೆ ಇರಲಿಲ್ಲ. ಹೀಗೆ ಮಾಳಿಗೆ ವರ್ಷ ವರ್ಷವೂ ಭಾರವಾಗುತ್ತ ಹೋಯಿತು. 1993ರ ಸಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿಕೊಟ್ಟು ಜನ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪವಾಯಿತು. ಔಸಾ, ಉಮರಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಸುಮಾರು ಹತ್ತು ಸಾವಿರ ಜನ ಸತ್ತರು. ಭೂಮಿ ನಡುಗಿದ್ದು ಕೆಲವೇ ಕ್ಷಣ. ಜನರನ್ನು ಕೊಂದದ್ದು ಕುಸಿದ ಗೋಡೆಯ ಕಲ್ಲು ಮತ್ತು ಮಾಳಿಗೆಯ ಮಣ್ಣು.

ಆದ್ದರಿಂದ ತೂಕದ ಲೆಕ್ಕವನ್ನು ನಮ್ಮ ಮಕ್ಕಳು ಇತರರಿಗಿಂತ ಮೊದಲು ಕಲಿಯಬೇಕು. ಏಳನೆಯ ತರಗತಿಯ ಗಣಿತ ಸಾಕು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಅಡಿ ಎತ್ತರಕ್ಕೆ ಮಣ್ಣು ತುಂಬಿ ನೀರು ಹಾಕಿದರೆ ಅದರ ತೂಕ ಹೆಚ್ಚುಕಡಿಮೆ ಐದು ಕ್ವಿಂಟಲ್. ಜನ ಓಡಾಡುವ ಸಾಮಾನ್ಯ ಮನೆಯ ಮಾಳಿಗೆಯನ್ನು ಲೆಕ್ಕ ಹಾಕುವಾಗ ಎಂಜಿನಿಯರರು ಅಷ್ಟೇ ಜಾಗಕ್ಕೆ ಹಿಡಿಯುವ ಹೆಚ್ಚುವರಿ ಹೊರೆ ಸುಮಾರು ಒಂದೂವರೆ ಕ್ವಿಂಟಲ್. ಉಳಿದ ಮೂರೂವರೆ ಕ್ವಿಂಟಲ್ ಯಾರ ತಲೆಯ ಮೇಲೆ? ಊರಿನಿಂದ ಗೋಣಿಚೀಲದಲ್ಲಿ ಎರೆಮಣ್ಣು ಒಯ್ದು ಮಾಳಿಗೆಯ ಮೇಲೆ ಸುರಿಯುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಆ ಮಣ್ಣು ಕುಂಡದಲ್ಲಿ ಅಂಟು ಹಿಡಿದು ಬೇರನ್ನೂ ಕೊಳೆಸುತ್ತದೆ.

ಹಾಗಾದರೆ ಗಿಡ ಯಾವುದರಲ್ಲಿ ಬೆಳೆಯಬೇಕು? ಇದಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬರು ಗಣಿತದ ಅಧ್ಯಾಪಕರು ಎಂಬುದು ಶಾಲೆಯ ಸಭೆಯಲ್ಲಿ ಹೇಳಲೇಬೇಕಾದ ಮಾತು. ಕೊಲ್ಲಾಪುರದ ಶ್ರೀಪಾದ ದಾಭೋಳ್ಕರರು ‘ಪ್ರಯೋಗ ಪರಿವಾರ’ದ ಮೂಲಕ, ತರಗೆಲೆ ಮತ್ತು ಹಸಿ ಕಸವನ್ನೇ ಕೊಳೆಸಿ ಗಿಡಕ್ಕೆ ಬೇಕಾದ ಹಗುರ ಮಣ್ಣನ್ನು ಮಾಡಿಕೊಳ್ಳಬಹುದು ಎಂದು ತೋರಿಸಿದರು. ಅವರ ದಾರಿ ಹಿಡಿದು ಮುಂಬಯಿ ಬಂದರು ಮಂಡಳಿಯ ಅಡುಗೆಮನೆಯ ಅಧಿಕಾರಿ ಪ್ರೀತಿ ಪಾಟೀಲರು ಈ ಶತಮಾನದ ಮೊದಲ ವರ್ಷಗಳಲ್ಲಿ, ಅಡುಗೆಮನೆಯ ಕಸದಿಂದಲೇ ಅದರ ಮಾಳಿಗೆಯ ಮೇಲೆ ಹಣ್ಣು ತರಕಾರಿಗಳ ತೋಟ ಎಬ್ಬಿಸಿದರು. ನಗರದ ಮನೆಗಸದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಹಸಿ ಕಸ. ಅದು ಊರಾಚೆಯ ತಿಪ್ಪೆಗೆ ಹೋಗದೆ ಮನೆಯಲ್ಲೇ ಗೊಬ್ಬರವಾಗುವುದು, ನನ್ನ ದೃಷ್ಟಿಯಲ್ಲಿ, ಕೈತೋಟದ ಅತಿ ದೊಡ್ಡ ಲಾಭ, ಕಾಯಿಪಲ್ಯ ಆನಂತರದ್ದು.

ಎರಡನೆಯ ಕಷ್ಟ ನೀರು. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ನಾವು ಮರೆತಿಲ್ಲ. ಮೊದಲ ದಿನ ಹತ್ತು ಟ್ಯಾಂಕರುಗಳಲ್ಲಿ ಬಂದದ್ದು ಸುಮಾರು ಐದು ಲಕ್ಷ ಲೀಟರ್. ಅದು ಬರಗಾಲದ ಸೀಮೆ, ಬೆಂಗಳೂರಿಗೇನು ಚಿಂತೆ ಎನ್ನುವಂತೆಯೂ ಇಲ್ಲ. 2024ರ ಮಾರ್ಚ್‌ನಲ್ಲಿ ಅಲ್ಲಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆಜ್ಞೆ ಮಾಡಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಉದ್ಯಾನನಗರಿಯಲ್ಲಿ ಗಿಡಕ್ಕೆ ನೀರು ಹಾಕಿದರೆ ದಂಡ! ಆಜ್ಞೆ ತಪ್ಪೆಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಇಪ್ಪತ್ತು ಕುಂಡಗಳಿಗೆ ದಿನಕ್ಕೆ ಎರಡು ಕೊಡ ನೀರು ಬೇಕು. ನೆರೆಮನೆಯವರು ಟ್ಯಾಂಕರಿಗಾಗಿ ಕಾಯುವಾಗ ನಲ್ಲಿಯ ನೀರನ್ನು ಗಿಡಕ್ಕೆ ಸುರಿಯುವುದು ಸಭ್ಯತೆಯಲ್ಲ.

ನಮ್ಮ ಅಜ್ಜಿಯರು ಬಾವಿಯ ನೀರನ್ನು ಹಿತ್ತಲಿಗೆ ಹೊತ್ತವರಲ್ಲ. ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆ, ಪಾತ್ರೆ ತೊಳೆದಲ್ಲಿ ಕರಿಬೇವು. ಅವರು ಪಾತ್ರೆ ತಿಕ್ಕಿದ್ದು ಬೂದಿಯಿಂದ, ಇಂದಿನ ಬಟ್ಟೆ ತೊಳೆಯುವ ಪುಡಿಯಿಂದ ಅಲ್ಲ; ಆ ಪುಡಿಯ ನೀರು ಗಿಡಕ್ಕೆ ಒಳ್ಳೆಯದಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಯಾವ ಭಯವೂ ಇಲ್ಲದೆ ಕುಂಡಕ್ಕೆ ಹೋಗಬಹುದು. ಕುಂಡದ ಮೇಲ್ಭಾಗಕ್ಕೆ ಒಣ ಎಲೆ ಹೊದಿಸಿದರೆ ನೀರು ಬೇಗ ಆರುವುದಿಲ್ಲ. ಕೆಳಗಿನ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಬಾರದು. ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ. ವಾರಕ್ಕೊಮ್ಮೆ ತಟ್ಟೆ ಬರಿದು ಮಾಡಿ ಉಜ್ಜಿ ಒಣಗಿಸಬೇಕು.

ಪಾರಿವಾಳದ ಕಾಟ, ಸೊಸೈಟಿಯವರ ತಕರಾರು, ಕೆಳಮನೆಯವರ ಛಾವಣಿ ಸೋರುವ ಭಯ, ಇವೂ ಉಂಟು. ಕುಂಡ ಇಡುವ ಮೊದಲೇ ಕೆಳಮನೆಯವರೊಡನೆ ಮಾತನಾಡಿರಿ. ಮೊದಲ ಮೆಂತ್ಯದ ಕಟ್ಟು ಅವರಿಗೇ ಹೋಗಲಿ.

ಕುಂಡದಿಂದ ಮನೆ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಜೋಳ, ತೊಗರಿ ಈ ನೆಲದಿಂದಲೇ ಹೋಗಬೇಕು. ಟೊಮ್ಯಾಟೊ, ಬದನೆಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಎರಡು ಕಟ್ಟಡಗಳ ನಡುವಿನ ಗ್ಯಾಲರಿಯಲ್ಲಿ ಅದು ಸಿಗದು. ಸೊಪ್ಪಿಗೆ ಅದರ ಅರ್ಧ ಸಾಕು. ಮಾಳಿಗೆ ಸಿಕ್ಕವರು ದೊಡ್ಡ ಕುಂಡವೊಂದರಲ್ಲಿ ದಾಳಿಂಬೆ ಇಡಬಹುದು. ಬಿಸಿಲನ್ನೂ ನೀರಿನ ಕೊರತೆಯನ್ನೂ ತಾಳುವ ಗಿಡ. ಅದರ ರಾಷ್ಟ್ರೀಯ ಸಂಶೋಧನಾ ಕೇಂದ್ರ ನಮ್ಮ ಸೊಲ್ಲಾಪುರದಲ್ಲೇ ಇದೆ. ಆದರೆ ಭಾರದ ಕುಂಡವನ್ನು ಮಾಳಿಗೆಯ ನಡುವೆ ಇಡದೆ, ಕೆಳಗೆ ತೊಲೆ ಅಥವಾ ಗೋಡೆ ಇರುವಲ್ಲಿ ಇಡಿರಿ.

ಇನ್ನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಪುಂಡಿ, ರಾಜಗಿರಿ, ಹೀರೆಯ ಬೀಜಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ಗುರುಗಳ ಕೋಣೆಯಲ್ಲಿ ಇಟ್ಟಿದ್ದೇವೆ. ಊರಿನ ಹಿತ್ತಲುಗಳಿಂದ ಕೂಡಿಸಿದವು. ಪೊಟ್ಟಣದ ಮೇಲೆ ಹೆಸರು ಬರೆದವರು ನಾಲ್ಕನೆಯ ತರಗತಿಯ ಮಕ್ಕಳು, ಕಾಗುಣಿತ ತಪ್ಪಿದ್ದರೆ ಮನ್ನಿಸಬೇಕು. ದೂರದ ಊರುಗಳಿಂದ ಬಂದವರು ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿರಿ. ಮಣ್ಣನ್ನು ಮಾತ್ರ ಇಲ್ಲೇ ಬಿಡಿರಿ.